ಬಳೆಚೂರಿನ ಗೂಡು

ಅಂಬುಜಾ ಮದುವೆಯಾಗಿ ನಮ್ಮೂರಿಗೆ ಬಂದ ಮಾರನೆಯ ದಿನವೇ ಮನೆ ಕಳೆದುಕೊಂಡಳು. ಊಟವಾದ ಮೇಲೆ ದೇವಸ್ಥಾನದ ಬಾವಿಯಿಂದ ಒಂದು ಕೊಡ ಸಿಹಿನೀರು ತರುತ್ತೇನೆಂದು ಹೋದವಳು, ಅಲ್ಲಿದ್ದ ಹೆಂಗಸರ ಜೊತೆ ನಾಲ್ಕು ಮಾತಾಡಿ ಹಿಂತಿರುಗುವಷ್ಟರಲ್ಲಿ ಗಂಡನ ಮನೆ ಇದ್ದ ಜಾಗದಲ್ಲಿ ಬೇರೆ ಯಾರದೋ ಮನೆ ನಿಂತಿತ್ತು. ಅದೇ ಹಸಿರು ಬಾಗಿಲು, ಅದೇ ಹೆಂಚು, ಬೆಳಿಗ್ಗೆ ಅವಳೇ ಹಾಕಿದ್ದ ರಂಗೋಲಿ. ಆದರೆ ಒಳಗೆ ದಪ್ಪ ಮೀಸೆಯ ಗಂಡಸೊಬ್ಬ ತೂಗುಮಣೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಯಾರ ಮನೆಯವಳಮ್ಮ ನೀನು?" ಎಂದು ಆತ ಕೇಳಿದ.

ಗಂಡನ ಹೆಸರು ಹೇಳಲು ಅಂಬುಜಾಗೆ ನಾಚಿಕೆ. "ಭವಾನಮ್ಮನವರ ಸೊಸೆ" ಎಂದಳು.

"ಓ, ಬಳೆಚೂರಿನ ಗೂಡಿನ ಮನೆ. ಬೆಳಿಗ್ಗೆ ಇಲ್ಲಿತ್ತೇನೋ. ಈಗ ಯಾವ ಕಡೆ ಹೋಯ್ತೋ. ಹೊಸಬಳು ಅಂತ ಕಾಣುತ್ತೆ. ಹೊರಗೆ ನೋಡಿದ್ರೆ ಗೊತ್ತಾಗಲ್ಲಮ್ಮ, ಒಳಗೆ ನೋಡ್ತಾ ಹೋಗು. ಮೊದಲು ಕೊಡ ಇಳಿಸಿ ಒಂದು ಲೋಟ ಮಜ್ಜಿಗೆ ಕುಡಿ."

ನಾನು ಇದೇ ಊರಲ್ಲಿ ಹುಟ್ಟಿದವಳು. ನಮ್ಮ ಕಡೆ ಮನೆಗಳು ಮಧ್ಯಾಹ್ನದ ಹೊತ್ತು ಜಾಗ ಬದಲಿಸುತ್ತವೆ. ಅಂಗಡಿ, ಶಾಲೆ, ಬಾವಿ, ದೇವಸ್ಥಾನ ಎಲ್ಲ ಇದ್ದಲ್ಲೇ ಇರುತ್ತವೆ. ಮನೆಗಳು ಮಾತ್ರ ಊರ ತುಂಬ ಅಲೆಯುತ್ತವೆ. ಒಳಗೆ ಮಲಗಿದವರಿಗೆ ಏನೂ ತಿಳಿಯುವುದಿಲ್ಲ. ಎದ್ದು ಬಾಗಿಲು ತೆಗೆದರೆ ಎದುರಿಗೆ ಬೇರೆ ಬೀದಿ, ಬೇರೆ ಮರ, ಬೇರೆ ನೆರೆಹೊರೆ. ಹೊರಗಿನಿಂದ ಎಲ್ಲ ಮನೆಯೂ ಒಂದೇ ಥರ. ಯಾರಾದರೂ ಹಟ ಹಿಡಿದು ಬಾಗಿಲಿಗೆ ನೀಲಿ ಬಣ್ಣ ಹಚ್ಚಿದರೆ ಮಾರನೆಯ ದಿನ ಅದು ಮತ್ತೆ ಹಸಿರೇ. ಹಾಗಾಗಿ ನಮ್ಮ ಹೆಂಗಸರು ರಂಗೋಲಿ ಹಾಕುವಾಗ ಸಂಜೆಗೆ ಇದು ಯಾರ ಪಾಲಿಗೋ ಎಂದುಕೊಂಡೇ ಹಾಕುತ್ತಾರೆ, ಆದರೂ ಚೆನ್ನಾಗಿಯೇ ಹಾಕುತ್ತಾರೆ.

ಸಂಜೆ ದೀಪ ಹಚ್ಚಿ ಎಲ್ಲರೂ ಬಾಗಿಲು ತೆರೆದಿಡುತ್ತಾರೆ. ಕೆಲಸ ಮುಗಿಸಿ ಬರುವವರು ಒಂದೊಂದೇ ಮನೆಯೊಳಗೆ ಕಣ್ಣು ಹಾಯಿಸುತ್ತ ನಡೆಯುತ್ತಾರೆ. ಗುರುತು ಸಿಗುವಷ್ಟು ನೋಡಬೇಕು, ಅದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಬಾರದು. ಹಾಗೆ ನೋಡಿದ ಎಷ್ಟೋ ಮನೆಗಳು ನನ್ನ ಕಣ್ಣಲ್ಲಿ ಇನ್ನೂ ಇವೆ. ಗೋಡೆ ತುಂಬ ಮಕ್ಕಳ ಒಡೆದ ಸ್ಲೇಟುಗಳನ್ನು ತೂಗುಹಾಕಿದ ಒಂದು ಮನೆ. ಕಂಬಕ್ಕೆ ಸೀರೆ ಉಡಿಸಿದ ಒಂದು ಮನೆ. ಒಂದರಲ್ಲಿ ಹಿತ್ತಾಳೆ ಲೋಟಗಳನ್ನು ಬೋರಲಾಗಿ ಸಾಲಾಗಿ ಜೋಡಿಸಿದ ಹಲಗೆ. ದೀಪದ ಬೆಳಕು ಬಿದ್ದಾಗ ಆ ಸಾಲು ಹೊಳೆಯುತ್ತಿತ್ತು. ಆ ಮನೆಯವರ ಹೆಸರು ನನಗೆ ಯಾವತ್ತೂ ತಿಳಿಯಲಿಲ್ಲ. ಆದರೂ ಆ ಹೊಳಪು ಕಂಡ ದಿನ ಯಾಕೋ ಮನಸ್ಸಿಗೆ ಹಿತವೆನಿಸುತ್ತಿತ್ತು. ತಪ್ಪಿ ಒಳಗೆ ಬಂದವರಿಗೆ ಮಜ್ಜಿಗೆ ಕೊಡಬೇಕು, ಅವರು ಕುಡಿದು ಲೋಟ ಕೆಳಗಿಡುವ ತನಕ ಇದು ನಿಮ್ಮ ಮನೆಯಲ್ಲ ಎಂದು ಹೇಳಬಾರದು. ಅದೂ ನಮ್ಮಲ್ಲಿ ನಡೆದುಕೊಂಡು ಬಂದದ್ದು.

ನನಗೂ ಅಂಬುಜಾಗೂ ಏನು ಸಂಬಂಧ ಎನ್ನುವುದು ಮುಂದೆ ಬರುತ್ತದೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅವಳೇ ನನಗೆ ಹೇಳಿದ್ದು. ಅವಳು ಹೇಳುವಾಗ ಕೈಯಲ್ಲಿ ಏನಾದರೂ ಕೆಲಸವಿರುತ್ತಿತ್ತು, ಅವರೆಕಾಯಿಯೋ, ಹೂವೋ. ಕೆಲಸ ಮುಗಿದರೆ ಮಾತೂ ನಿಲ್ಲುತ್ತಿತ್ತು.

ಆ ಸಂಜೆ ಅವಳು ಕೊಡ ಹೊತ್ತು ಬೀದಿಯಿಂದ ಬೀದಿಗೆ ಅಲೆದಳು. ಬಳೆಚೂರಿನ ಗೂಡು ಎಂದರೇನೆಂದೇ ಅವಳಿಗೆ ಗೊತ್ತಿರಲಿಲ್ಲ. ಹೊಸ ಮದುಮಗಳು, ಹಿಂದಿನ ದಿನ ಪೂರ್ತಿ ತಲೆ ತಗ್ಗಿಸಿಕೊಂಡೇ ಇದ್ದಳು. ಗೋಡೆ ನೋಡಿರಲಿಲ್ಲ, ತೊಲೆ ನೋಡಿರಲಿಲ್ಲ. ನೋಡಿದ್ದು ನೆಲ ಒಂದನ್ನೇ. ಕೆಂಪು ಗಾರೆ ನೆಲ, ಅಂಚಿಗೆ ಕರಿಪಟ್ಟಿ, ಹೊಸ್ತಿಲಿನಿಂದ ಸ್ವಲ್ಪ ಒಳಗೆ ಬೆಕ್ಕಿನ ಹೆಜ್ಜೆಗಳು. ಗಾರೆ ಹಸಿಯಿದ್ದಾಗ ಯಾವುದೋ ಬೆಕ್ಕು ಅಡ್ಡ ಹಾಯ್ದು ಹೋಗಿತ್ತು. ಆಮೇಲೆ ಗಾರೆಯೂ ಆರಿತು, ಹೆಜ್ಜೆಯೂ ಉಳಿಯಿತು. ಅಂಬುಜಾ ಪ್ರತಿ ಮನೆಯ ಮುಂದೆ ನಿಂತು ನೆಲ ನೋಡಿದಳು. ಕತ್ತಲಾಗುವ ಮೊದಲು ನೇಕಾರರ ಬೀದಿಯ ತುದಿಯಲ್ಲಿ ಆ ಹೆಜ್ಜೆಗಳು ಸಿಕ್ಕವು.

ಅತ್ತೆ ಭವಾನಮ್ಮ ಬಾಗಿಲಲ್ಲೇ ನಿಂತಿದ್ದರು. "ಗೂಡು ನೋಡಿಕೊಂಡು ಬಂದೆಯಾ?"

"ಇಲ್ಲ ಅತ್ತೆ. ನೆಲ ನೋಡಿಕೊಂಡು ಬಂದೆ. ಬೆಕ್ಕಿನ ಹೆಜ್ಜೆ."

ಭವಾನಮ್ಮನವರ ಮುಖದಲ್ಲಿ ನಗು ಬಂದಂತಾಯಿತು. "ಆ ಬೆಕ್ಕನ್ನ ಓಡಿಸೋಕೆ ಹೋಗಿ ಮಾಧವ ಹಸಿ ಗಾರೆ ಮೇಲೆ ಜಾರಿ ಬಿದ್ದಿದ್ದ" ಎಂದರು. ಹಾಗೆಂದವರೇ ಕೊಡ ಇಸಿದುಕೊಂಡು ಒಳಗೆ ನಡೆದರು.

ಮಾಧವ ಎಂಬ ಹೆಸರು ಅಂಬುಜಾ ಕೇಳಿದ್ದು ಆಗಲೇ ಮೊದಲು. ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಗಂಡ ಶ್ರೀಪತಿಯನ್ನು ಕೇಳಿದಳು. ಅವನು ಕೊಡಲಿ ಕೆಳಗಿಟ್ಟ.

"ನಮ್ಮಣ್ಣ. ಪಡಸಾಲೆ ಗೋಡೆಯ ಆ ಗೂಡು ಮಾಡಿದ್ದು ಅವನೇ. ಅಮ್ಮನ ಒಡೆದ ಬಳೆ ಎಲ್ಲ ಕೂಡಿಟ್ಟು, ಗಾರೆಗೆ ಒತ್ತಿ ಒತ್ತಿ ಮಾಡಿದ. ಕಿಟಕಿ ಕೆಳಗಿನ ಕಟ್ಟೆ, ಬಾಗಿಲೊಳಗಿನ ಮಣಿಪರದೆ, ಛತ್ರಿ ಹಾಕೋ ಗೂಟ, ಎಲ್ಲ ಅವನ ಕೈದೇ. ಆಮೇಲೆ ಒಬ್ಬಳನ್ನ ಮದುವೆಯಾಗ್ತೀನಿ ಅಂದ. ಅವಳಿಗೆ ಮೊದಲೇ ಮದುವೆಯಾಗಿ ಗಂಡ ತೀರಿಕೊಂಡಿದ್ದ. ಅಮ್ಮ ಒಪ್ಪಲಿಲ್ಲ."

"ಅಷ್ಟಕ್ಕೇ ಹೋಗಿಬಿಟ್ಟರಾ?"

"ಅಷ್ಟಕ್ಕಲ್ಲ. ಅಮ್ಮ ಒಂದು ಮಾತಂದರು. ಅವಳನ್ನ ಕಟ್ಟಿಕೊಂಡರೆ ಈ ಮನೆ ಗುರುತು ಮರೆತುಬಿಡು ಅಂದರು."

ಅಂಬುಜಾ ಹೊರಗಿನವಳು, ಅವಳಿಗೆ ಅದು ಸಿಟ್ಟಿನ ಮಾತಾಗಿ ಕೇಳಿಸಿತೇ ಹೊರತು ಮತ್ತೇನಲ್ಲ. ನಮ್ಮೂರಲ್ಲಿ ಅದಕ್ಕಿಂತ ಕಠಿಣವಾದ ಮಾತಿಲ್ಲ. ಸತ್ತವರಿಗೂ ನಾವು ಹಾಗೆ ಹೇಳುವುದಿಲ್ಲ. ಹೆಣ ಎತ್ತುವ ಮೊದಲು ಮುಖವನ್ನು ಮನೆಯ ಗುರುತಿನ ಕಡೆ ಒಮ್ಮೆ ತಿರುಗಿಸುವುದು ನಮ್ಮ ಪದ್ಧತಿ.

ಮಾತು ಆಡಿದ ಮೇಲೆ ಭವಾನಮ್ಮ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದರು. ಆದರೆ ಯಾರಿಗೆ ಹೇಳುವುದು? ಮಗ ಊರು ಬಿಟ್ಟಿದ್ದ. ಆದ್ದರಿಂದ ಅವರು ತಮಗೆ ತಿಳಿದ ಒಂದೇ ದಾರಿ ಹಿಡಿದರು. ಮನೆಯೊಳಗಿನ ಒಂದು ಕಡ್ಡಿಯನ್ನೂ ಅಲುಗಾಡಿಸಲಿಲ್ಲ, ಅಲುಗಾಡಿಸಲು ಬಿಡಲೂ ಇಲ್ಲ. ಅವನು ಎಂದಾದರೂ ಈ ಬೀದಿಗಳಲ್ಲಿ ಹಾದುಹೋದರೆ, ತೆರೆದ ಬಾಗಿಲಿನಿಂದ ಒಮ್ಮೆ ಒಳಗೆ ನೋಡಿದರೆ, ತಾನು ಬಿಟ್ಟುಹೋದಂತೆಯೇ ಎಲ್ಲವೂ ಕಾಣಬೇಕು. ಹೊರಗೆ ಒಯ್ದ ಛತ್ರಿ ಬಂದ ಕೂಡಲೇ ಗೂಟಕ್ಕೆ ಹೋಗಬೇಕು, ಮಳೆಗಾಲವಿರಲಿ ಬೇಸಿಗೆಯಿರಲಿ. ಕಟ್ಟೆಯ ಮೇಲೆ ಅದೇ ಕಂದು ದಿಂಬು. ಗೂಡಿನಲ್ಲಿ ಬಲಗಡೆಗೆ ಸರಿಸಿ ಇಟ್ಟ ಅದೇ ಮಣ್ಣಿನ ದೀಪ. ಅವನು ಎಡಗಡೆ ಪುಸ್ತಕ ಇಡುತ್ತಿದ್ದನಂತೆ, ಅದಕ್ಕೆ.

ಅಂಬುಜಾ ಹುಟ್ಟಿದ ಊರಲ್ಲಿ ಮನೆಗಳು ನೆಲಕ್ಕೆ ಅಂಟಿಕೊಂಡಿರುತ್ತಿದ್ದವು, ಒಳಗಿನ ಸಾಮಾನುಗಳು ಓಡಾಡುತ್ತಿದ್ದವು. ಅವಳ ತಾಯಿ ಹಬ್ಬಕ್ಕೊಮ್ಮೆ ಮಂಚದ ದಿಕ್ಕು ಬದಲಿಸುತ್ತಿದ್ದರು, ಪಾತ್ರೆ ಹಲಗೆಯನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಿಸುತ್ತಿದ್ದರು. ಇಲ್ಲಿ ಎಲ್ಲ ತಿರುಗುಮುರುಗು. ಮನೆ ದಿನಕ್ಕೊಂದು ಕಡೆ ಮುಖ ಮಾಡುತ್ತಿತ್ತು, ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆಂದು ಹೇಳುವಂತಿರಲಿಲ್ಲ, ಆದರೆ ಒಳಗೆ ಒಂದು ಚೊಂಬನ್ನು ಸರಿಸಿದರೂ ಅತ್ತೆ ಬಂದು ಮತ್ತೆ ಅಲ್ಲೇ ಇಡುತ್ತಿದ್ದರು. ಬಂದ ಮೊದಲ ದೀಪಾವಳಿಗೆ ಅವಳು ಪಡಸಾಲೆ ಕಿಟಕಿಗೆಂದು ನೀಲಿ ಹೂವಿನ ಪರದೆ ಹೊಲಿದಳು. ಅಂಚಿಗೆ ಕಸೂತಿ ಹಾಕಿದಳು. ಭವಾನಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು, ನೀಟಾಗಿ ಮಡಿಸಿದರು, ಅವಳ ಕೈಗೆ ವಾಪಸು ಕೊಟ್ಟರು.

"ಬಹಳ ಚೆನ್ನಾಗಿದೆ. ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೋ."

ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಅಂಬುಜಾ ನನಗೆ ಹೇಳಿದಳು. ಆ ಮನೆಯಲ್ಲಿ ತಾನೊಂದು ಸಾಮಾನೂ ಅಲ್ಲ, ಯಾಕೆಂದರೆ ಮಾಧವ ಹೋಗುವಾಗ ತಾನು ಅಲ್ಲಿರಲಿಲ್ಲ, ಎಂದು ಅವಳಿಗೆ ಅನ್ನಿಸಿತಂತೆ.

ಮಕ್ಕಳಾದರು. ಮಕ್ಕಳು ಗೋಡೆಗೆ ಇದ್ದಿಲಿನಲ್ಲಿ ಗೀಚಿದರೆ ಭವಾನಮ್ಮ ಸಂಜೆಯೊಳಗೆ ಒರೆಸುತ್ತಿದ್ದರು. ಹಾಗಂತ ಕೆಟ್ಟವರಲ್ಲ. ಅದೇ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಎಷ್ಟು ಬೇಕಾದರೂ ಗೀಚಿ ಎಂದು ಇದ್ದಿಲು ಕೊಡುತ್ತಿದ್ದರು. ಅಂಬುಜಾಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಎಡೆಬಿಡದೆ ಹಣೆಗೆ ಒದ್ದೆ ಬಟ್ಟೆ ಹಾಕಿದವರೂ ಅವರೇ.

ಒಂದು ದಿನ ಮಣಿಪರದೆಯ ಒಂದು ಎಳೆ ಕಿತ್ತು ಮಣಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಮರದ ಮಣಿ, ಕೆಂಪು ಗಾಜಿನ ಮಣಿ, ಬಿಳಿಯವು. ಭವಾನಮ್ಮ ಯಾರನ್ನೂ ಮುಟ್ಟಗೊಡದೆ ತಾವೇ ಕೂತು ಪೋಣಿಸಿದರು. ಎರಡು ಮರದ್ದು, ಒಂದು ಕೆಂಪು, ಒಂದು ಬಿಳಿ, ಮತ್ತೆ ಎರಡು ಮರದ್ದು. ಬಾಯಲ್ಲಿ ಹೇಳಿಕೊಳ್ಳುತ್ತಲೇ ಪೋಣಿಸುತ್ತಿದ್ದರು. ಹತ್ತಿರ ಕೂತಿದ್ದ ಅಂಬುಜಾ ನೋಡಿದಳು: ಕೆಂಪಿನ ಜಾಗದಲ್ಲಿ ಬಿಳಿ ಹೋಗುತ್ತಿತ್ತು, ಬಿಳಿಯ ಜಾಗದಲ್ಲಿ ಕೆಂಪು. ಅತ್ತೆ ಮಣಿಯನ್ನು ಕಣ್ಣಿನ ಹತ್ತಿರ ತಂದು, ಬೆರಳಲ್ಲಿ ಹೊರಳಿಸಿ, ಸರಿ ಎಂದುಕೊಂಡು ದಾರಕ್ಕೆ ಸೇರಿಸುತ್ತಿದ್ದರು. ಅಂಬುಜಾ ಅತ್ತೆ ಮಲಗಿದ ಮೇಲೆ ಎಳೆಯನ್ನು ಬಿಚ್ಚಿ, ಮೊದಲಿನ ಕ್ರಮದಲ್ಲೇ ಪೋಣಿಸಿ, ಮತ್ತೆ ಕಟ್ಟಿದಳು. ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳಿದ್ದಕ್ಕೆ, "ಅಷ್ಟು ವರ್ಷ ಕಾಪಾಡಿದ್ದು ಒಂದು ಮಣಿಗೆ ತಪ್ಪಬಾರದು ಅನ್ನಿಸಿತು ಅಕ್ಕ" ಎಂದಳು.

ಮುಂದಿನ ಮಳೆಗಾಲದ ಹೊತ್ತಿಗೆ ಭವಾನಮ್ಮನವರಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟೇ ಕಾಣುತ್ತಿತ್ತು. ಪಟ್ಟಣದ ಡಾಕ್ಟರು ವಯಸ್ಸಾಯಿತು ಎಂದು ಹೇಳಿ ಹನಿ ಹಾಕುವ ಔಷಧಿ ಕೊಟ್ಟರು. ಮನೆಯೊಳಗೆ ಅವರಿಗೆ ತೊಂದರೆಯಿರಲಿಲ್ಲ. ಯಾವುದು ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ತೊಂದರೆ ಇದ್ದದ್ದು ಹೊರಗೆ ಹೋದರೆ. ಸಂಜೆ ದೇವಸ್ಥಾನಕ್ಕೆ ಹೋಗುವುದನ್ನು ಅವರು ಬಿಡಲೊಲ್ಲರು. ಅಂಬುಜಾ ಜೊತೆಗೆ ಹೋಗುತ್ತಿದ್ದಳು, ಕೈ ಹಿಡಿದು ಮನೆ ಹುಡುಕಿ ಕರೆತರುತ್ತಿದ್ದಳು. ತಾನಿಲ್ಲದ ದಿನ ಏನು ಗತಿ ಎಂದು ಅವಳಿಗೆ ಯೋಚನೆ.

"ಅತ್ತೆ, ಬಾಗಿಲ ಒಳಚೌಕಟ್ಟಿಗೆ ಒಂದು ಹಗ್ಗ ಕಟ್ಟೋಣ. ಅಲ್ಲಲ್ಲಿ ಗಂಟು ಹಾಕಿ. ನೀವು ಕೈಯಿಟ್ಟು ನೋಡಿದರೆ ನಮ್ಮ ಮನೆ ಅಂತ ಗೊತ್ತಾಗುತ್ತೆ."

"ಬೇಡ."

"ಒಂದು ಸಣ್ಣ ಗಂಟೆನಾದರೂ."

"ಬೇಡ ಅಂದೆನಲ್ಲ. ಅವನು ಬಂದು ನೋಡಿದರೆ ಇದು ಯಾರದೋ ಮನೆ ಅಂತ ಹೊರಟುಹೋಗ್ತಾನೆ."

ಅಂಬುಜಾ ಅಷ್ಟು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ. ಆ ದಿನ ಮಾತ್ರ ಹಗ್ಗ ಕೆಳಗಿಟ್ಟು, "ಬರದೇ ಇರೋರಿಗೆ ಅಂತ ಮನೆ ಇಟ್ಟುಕೊಂಡು, ಇರೋರು ದಾರಿ ತಪ್ಪಿದರೂ ಪರವಾಗಿಲ್ಲವಾ ಅತ್ತೆ?" ಎಂದುಬಿಟ್ಟಳು.

ಭವಾನಮ್ಮ ಕಿಟಕಿ ಕಟ್ಟೆಯ ಮೇಲೆ ಹೋಗಿ ಕೂತರು. ಎರಡು ದಿನ ಸೊಸೆಯ ಜೊತೆ ಮಾತಿಲ್ಲ. ಮೂರನೆಯ ಸಂಜೆ ದೇವಸ್ಥಾನಕ್ಕೆ ಇಬ್ಬರೂ ಹೋದರು, ಮಾತಿಲ್ಲದೆಯೇ. ಮಂಗಳಾರತಿಯಾದ ಮೇಲೆ ಅಂಬುಜಾ ಹೂವಿನವಳ ಹತ್ತಿರ ಚಿಲ್ಲರೆ ಇಸಿದುಕೊಳ್ಳಲು ತಿರುಗಿದಳು. ಮತ್ತೆ ಈ ಕಡೆ ನೋಡಿದರೆ ಅತ್ತೆ ಇರಲಿಲ್ಲ. ಛತ್ರಿಯನ್ನು ಊರುಗೋಲಿನಂತೆ ಊರುತ್ತ ಒಬ್ಬರೇ ಹೊರಟುಬಿಟ್ಟಿದ್ದರು. ನನಗೆ ಯಾರ ಹಗ್ಗವೂ ಬೇಡ ಎಂದು ತೋರಿಸುವ ಹಟ.

ಅವರು ಬೀದಿಯ ಬಲಮಗ್ಗುಲು ಹಿಡಿದು, ಒಂದೊಂದು ಬಾಗಿಲಿಗೂ ಕೈಚಾಚುತ್ತ ನಡೆದರು. ಕೆಲವು ಮನೆಗೆ ಬಟ್ಟೆಯ ಪರದೆ, ಕೆಲವಕ್ಕೆ ಏನೂ ಇಲ್ಲ. ಒಂದು ಕಡೆ ಬೆರಳಿಗೆ ಮಣಿಗಳು ತಾಗಿದವು. ಒಂದು ಎಳೆ ಹಿಡಿದು ತಡವಿ ನೋಡಿದರು. ಎರಡು ಒರಟು, ಎರಡು ನಯ, ಮತ್ತೆ ಎರಡು ಒರಟು. ಪರದೆ ಸರಿಸಿ ಒಳಗೆ ಬಂದರು.

ಆ ಮನೆ ನಮ್ಮದು. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕೂತಿದ್ದವಳು ನಾನು.

ಯಾರೋ ದಾರಿ ತಪ್ಪಿದವರು ಎಂದು ನಾನು ಮಜ್ಜಿಗೆ ತರಲು ಏಳುತ್ತಿದ್ದೆ. ಅಷ್ಟರಲ್ಲಿ ಆಕೆ ತಡವರಿಸದೆ ಎಡಕ್ಕೆ ತಿರುಗಿ ಛತ್ರಿಯನ್ನು ಗೂಟಕ್ಕೆ ಹಾಕಿದರು. ಗೂಟ ಎಲ್ಲಿದೆಯೆಂದು ಹುಡುಕಲಿಲ್ಲ. ಅಲ್ಲಿಂದ ನೇರ ಕಿಟಕಿ ಕಟ್ಟೆಗೆ ಹೋಗಿ ಕೂತು, ಕೈಯನ್ನು ಹಿಂದಕ್ಕೆ ಚಾಚಿ ಗೋಡೆಯ ಗೂಡಿನೊಳಗೆ ಇಟ್ಟರು, ದಣಿದವರು ಪಕ್ಕದವರ ಹೆಗಲ ಮೇಲೆ ಕೈಯಿಡುವ ಹಾಗೆ. "ಸ್ವಲ್ಪ ನೀರು ಕೊಡು ಅಂಬುಜಾ" ಎಂದರು.

ನನ್ನ ಗಂಡ ಆ ಮನೆಯೊಳಗನ್ನು ಸಿದ್ಧಮಾಡಿದ ದಿನಗಳು ನನಗೆ ಆಗ ನೆನಪಾದವು. ನಾವು ಹೊಳೆಯಾಚೆಯ ಊರುಗಳಲ್ಲಿ ಬಹಳ ವರ್ಷವಿದ್ದು ಹಿಂದಿನ ವರ್ಷವಷ್ಟೇ ಮರಳಿ ಬಂದಿದ್ದೆವು. ಅವರಿಗೆ ನೂಲಿಗೆ ಬಣ್ಣ ಹಾಕುವ ಕೆಲಸ; ಬೆಳಕು ಹರಿಯುವ ಮೊದಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಊರವರಿಗೆ ನಮ್ಮದು ಬಣ್ಣದ ನೂಲಿನ ಮನೆ. ತೊಲೆಯಿಂದ ನಾನು ಇಳಿಬಿಟ್ಟ ಕೆಂಪು, ಹಳದಿ, ನೀಲಿ ನೂಲಿನ ಲಡಿಗಳೇ ಗುರುತು. ಆದರೆ ಲಡಿಗಳ ಹಿಂದೆ, ಹೊರಗಿನಿಂದ ಕಾಣದ ಹಾಗೆ, ನನ್ನ ಗಂಡ ತಮ್ಮದೇ ಒಂದು ಲೆಕ್ಕದಲ್ಲಿ ಎಲ್ಲವನ್ನೂ ಮಾಡಿಕೊಂಡಿದ್ದರು. ಗೂಟ ಇದಕ್ಕಿಂತ ಒಂದು ಬೆರಳು ಮೇಲಿರಬಾರದು. ಕಟ್ಟೆ ಇಷ್ಟೇ ಅಗಲ. ಕಿಟಕಿಯ ಪಕ್ಕದ ಗೋಡೆಯಲ್ಲಿ ಗೂಡು, ಅದರ ಸುತ್ತ ಬಳೆಚೂರು. ನನ್ನನ್ನು ಮದುವೆಯಾದಾಗ ಅವರು ತೊಡಿಸಿದ ಬಳೆಗಳು ಒಂದೊಂದಾಗಿ ಒಡೆದಂತೆಲ್ಲ ಕೂಡಿಟ್ಟು ಗಾರೆಗೆ ಒತ್ತಿದ್ದರು. ಯಾಕೆ ಇಷ್ಟು ಹಟ ಎಂದು ಕೇಳಿದರೆ, "ಕೈಗೆ ಹಾಗೇ ಅಭ್ಯಾಸ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಮಾಧವನ ಹೆಂಡತಿ ವನಮಾಲಾ ನಾನೇ. ನನ್ನ ಕಾರಣಕ್ಕೆ ಮಗನಿಗೆ ಆ ಮಾತು ಹೇಳಿದ ಅತ್ತೆ ನನ್ನ ಮನೆಯ ಕಟ್ಟೆಯ ಮೇಲೆ ಕೂತು ನನ್ನನ್ನೇ ನೀರು ಕೇಳುತ್ತಿದ್ದರು.

ನೀರು ಕೊಟ್ಟೆ. ಕುಡಿದರು. ಲೋಟ ಕೆಳಗಿಟ್ಟ ಮೇಲೆ ನಿಜ ಹೇಳುವುದು ಪದ್ಧತಿ. ನಾನು ಲೋಟಕ್ಕೆ ಮತ್ತೆ ನೀರು ತುಂಬಿಸಿದೆ. ಅವರು ಗೂಡಿನ ಅಂಚಿನ ಮೇಲೆ ಬೆರಳಾಡಿಸುತ್ತ, ಯಾರಿಗೋ ಅಲ್ಲ, ತಮಗೇ ಹೇಳಿಕೊಳ್ಳುವಂತೆ, "ನೀನು ಹೇಳಿದ್ದು ಸರಿ ಅಂಬುಜಾ. ಇರೋರು ಮನೆ ಸೇರಬೇಕು. ಹಗ್ಗ ಕಟ್ಟು" ಎಂದರು.

ಅದೇ ಹೊತ್ತಿಗೆ ನನ್ನ ಗಂಡ ಹಿತ್ತಲ ಬಾಗಿಲಿನಿಂದ ಬಂದರು. ಬಣ್ಣದ ಕೈ ತೊಳೆಯಲು ಯಾವಾಗಲೂ ಆ ಕಡೆಯಿಂದಲೇ ಬರುವುದು. ತೊಳೆದು, ಗಂಟಲು ಸರಿಮಾಡಿಕೊಂಡು, ಪಡಸಾಲೆಗೆ ಕಾಲಿಟ್ಟು ಹಾಗೇ ನಿಂತರು. ಭವಾನಮ್ಮ ಆ ಕಡೆ ತಿರುಗಲೂ ಇಲ್ಲ.

"ಮಾಧವಾ, ಎಷ್ಟು ಹೊತ್ತು ಮಾಡಿದೆಯೋ" ಎಂದರು. ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಅಷ್ಟು ವರ್ಷ ಪ್ರತಿ ಸಂಜೆ ಮನಸ್ಸಿನಲ್ಲಿ ಹೇಳಿಕೊಂಡ ಮಾತು ಆ ದಿನ ಬಾಯಿಗೆ ಬಂದಿತ್ತು.

ಅವರು ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು. ಭವಾನಮ್ಮ ಮಗನ ತಲೆಯ ಮೇಲೆ ಕೈಯಿಟ್ಟರು, ಕಿವಿ ಮುಟ್ಟಿದರು, ಗಡ್ಡ ಮುಟ್ಟಿ, "ಇದೇನು ಹೀಗೆ ಬಿಟ್ಟಿದ್ದೀಯ" ಎಂದರು. ಆಮೇಲೆ ಮೆಲ್ಲಗೆ ಹೇಳಿದರು: "ಗುರುತು ಸಿಗಲಿ ಅಂತ ಎಲ್ಲ ಹಾಗೇ ಇಟ್ಟಿದ್ದೆ ಕಣೋ."

"ನೋಡಿದ್ದೀನಮ್ಮ."

"ಯಾವಾಗ?"

"ಊರಿಗೆ ಬಂದಮೇಲೆ ಎಷ್ಟೋ ಸಲ. ಒಂದೊಂದು ದಿನ ಆ ಮನೆ ನಮ್ಮ ಬೀದಿಗೇ ಬಂದಿರೋದು. ಆಚೆ ನಿಂತು ನೋಡ್ತಿದ್ದೆ. ಛತ್ರಿ, ದಿಂಬು, ದೀಪ, ಎಲ್ಲ ಇದ್ದ ಹಾಗೇ ಇತ್ತು. ನಾನು ಹೋದದ್ದರಿಂದ ಅಲ್ಲಿ ಏನೂ ಕಮ್ಮಿಯಾಗಿಲ್ಲ ಅನ್ನಿಸ್ತು. ಹೊರಟುಬಿಡ್ತಿದ್ದೆ."

ಭವಾನಮ್ಮನವರ ಕೈ ಮಗನ ತಲೆಯ ಮೇಲೆ ನಿಂತುಹೋಯಿತು. ಇನ್ನೊಂದು ಕೈಯಿಂದ ಗೂಡಿನ ಅಂಚು ತಡವಿ, "ಇದು ನನ್ನ ಮನೆಯಲ್ಲ, ಅಲ್ಲವಾ?" ಎಂದು ಕೇಳಿದರು.

"ಅಲ್ಲಮ್ಮ. ನಂದು. ಮರೆತುಬಿಡು ಅಂದಿದ್ದೆ ನೀನು. ಕೈ ಮರೀಲಿಲ್ಲ."

"ನೀರು ಕೊಟ್ಟೋಳು?"

ನಾನು ಹತ್ತಿರ ಹೋಗಿ ನಿಂತೆ. ಅವರು ಗಾಳಿಯಲ್ಲಿ ಕೈಚಾಚಿ ನನ್ನ ಮುಂಗೈ ಹಿಡಿದರು. ಅಲ್ಲಿದ್ದ ಬಳೆಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿದರು. ಮೊದಲ ಗಂಡ ತೀರಿಕೊಂಡಾಗ ತೆಗೆಸಿದ ಬಳೆಗಳನ್ನು ಇವಳು ಮತ್ತೆ ಯಾಕೆ ತೊಟ್ಟಳು ಎಂದು ಕೇಳಿದವರು ಇವರೇ. ಈಗ, "ಗಾಜಿನದೇ ತೊಡ್ತೀಯಾ? ಒಳ್ಳೆಯದು. ಸದ್ದಾಗುತ್ತೆ, ಎಲ್ಲಿದ್ದೀಯ ಅಂತ ನನಗೆ ತಿಳಿಯುತ್ತೆ" ಎಂದರು. ಕೈ ಬಿಡಲಿಲ್ಲ.

ಅಂಬುಜಾ ಆ ಹೊತ್ತಿಗೆ ಬೀದಿ ಬೀದಿ ಸುತ್ತಿ, ಕಂಡ ಮನೆಗಳಲ್ಲೆಲ್ಲ ಇಣುಕುತ್ತ, ಅಳುವುದೊಂದು ಬಾಕಿ ಎನ್ನುವ ಸ್ಥಿತಿಯಲ್ಲಿದ್ದಳು. ನಮ್ಮ ಬಾಗಿಲಿಂದ ಲಡಿಗಳ ಸಂದಿಯಲ್ಲಿ ಅತ್ತೆಯ ಸೀರೆ ಕಂಡಿತು. ಒಳಗೆ ನುಗ್ಗಿ ಬಂದವಳು ಲಡಿಗಳನ್ನು ಸರಿಸಿ ಕಟ್ಟೆಯನ್ನು ನೋಡಿದಳು, ಗೂಡನ್ನು ನೋಡಿದಳು, ಗೂಟವನ್ನು ನೋಡಿದಳು, ಆಮೇಲೆ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತಳು. ನಾನು ಅವಳಿಗೆ ಮಜ್ಜಿಗೆ ಕೊಟ್ಟೆ. ನನ್ನ ಕೈಯಿಂದ ಅವಳು ತೆಗೆದುಕೊಂಡ ಮೊದಲ ಲೋಟ ಅದು. ಅಕ್ಕ ಎಂದು ಕರೆದದ್ದೂ ಆಗಲೇ.

ಆಮೇಲೆ ಭವಾನಮ್ಮ ಎರಡೂ ಮನೆಗಳಲ್ಲಿ ಇರುತ್ತಿದ್ದರು, ಮನಸ್ಸು ಬಂದಷ್ಟು ದಿನ ಇಲ್ಲಿ, ಮನಸ್ಸು ಬಂದಷ್ಟು ದಿನ ಅಲ್ಲಿ. ಅಲ್ಲಿನದನ್ನು ಹೇಗೆ ಬೇಕಾದರೂ ಮಾಡಿಕೋ ಎಂದು ಅಂಬುಜಾಗೆ ಹೇಳಿದರು. ಅವಳಿಗೆ ಅದು ಸುಲಭವಾಗಲಿಲ್ಲ. ದಿಂಬು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟಳಂತೆ. ಆದರೆ ಒಂದು ಸಲ ಶುರುವಾದ ಮೇಲೆ ನಿಲ್ಲಲಿಲ್ಲ. ಮಂಚದ ಮುಖ ತಿರುಗಿತು, ಮಕ್ಕಳ ಗೀಚು ಗೋಡೆಯ ಮೇಲೆ ಉಳಿಯತೊಡಗಿತು, ಒಳಚೌಕಟ್ಟಿಗೆ ಗಂಟಿನ ಹಗ್ಗ ಬಂತು. ಸಾಮಾನುಗಳು ಹೀಗೆ ಓಡಾಡತೊಡಗಿದ ಮೇಲೆ ಭವಾನಮ್ಮನವರಿಗೆ ಕೈಲೆಕ್ಕ ತಪ್ಪುತ್ತಿತ್ತು. ಆಗ ಅವರು ಗೋಡೆ ಹಿಡಿದು ನಡೆಯಲು ಕಲಿತರು. ಬಾಗಿಲಿನಿಂದ ಕಿಟಕಿ, ಕಿಟಕಿಯಿಂದ ಅಡುಗೆಮನೆ, ಅಲ್ಲಿಂದ ಹಿತ್ತಲು. ಬಲಗೈಯ ಅಂಗೈ ಗೋಡೆಗೆ ತಾಗಿಸಿಕೊಂಡು, ದಾರಿಯಲ್ಲಿ ಯಾವ ಹೊಸ ಸಾಮಾನು ಸಿಕ್ಕಿದರೂ ನಿಂತು ತಡವಿ, "ಇದ್ಯಾವಾಗ ಬಂತು?" ಎಂದು ಕೇಳುತ್ತ. ಬೈಯುವ ದನಿಯಲ್ಲಲ್ಲ, ನೆಂಟರನ್ನು ವಿಚಾರಿಸುವ ದನಿಯಲ್ಲಿ.

ಅವರು ತೀರಿಕೊಂಡದ್ದು ಒಂದು ಚೈತ್ರದಲ್ಲಿ, ಅಂಬುಜಾ ಮನೆಯಲ್ಲಿ. ಮುಖವನ್ನು ಗುರುತಿನ ಕಡೆ ತಿರುಗಿಸುವ ಹೊತ್ತಿಗೆ ಗೂಡಿನ ಕಡೆಗೋ ಗಂಟಿನ ಹಗ್ಗದ ಕಡೆಗೋ ಎಂದು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅಂಬುಜಾ ಮುಂದೆ ಬಂದು ಅತ್ತೆಯ ಮುಖವನ್ನು ನಾವೆಲ್ಲ ಕೂತಿದ್ದ ಕಡೆಗೆ ತಿರುಗಿಸಿದಳು.

ಮುಂದಿನ ದೀಪಾವಳಿಗೆ ಶ್ರೀಪತಿ ಸುಣ್ಣ ಕಲಸಿ ತಂದ. ಬೆಳಿಗ್ಗೆಯೇ ಅಂಬುಜಾ ನನಗೆ ಹೇಳಿಕಳಿಸಿದಳು. ಹೋಗಿ ನೋಡಿದೆ. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಒಂದು ಗೆರೆ ಮೂಡಿತ್ತು. ಬಾಗಿಲಿನಿಂದ ಹಿತ್ತಲಿನ ತನಕ ಅಂಗೈ ಅಗಲಕ್ಕೆ, ಎಣ್ಣೆ ಹಚ್ಚಿದಂತೆ ನುಣುಪಾಗಿ, ಸ್ವಲ್ಪ ಕಪ್ಪಾಗಿ. ಅತ್ತೆ ನಡೆದ ದಾರಿ. ಬ್ರಷ್ಷು ಹಿಡಿದ ಶ್ರೀಪತಿ ಅದರ ಮುಂದೆ ನಿಂತಿದ್ದ.

"ಏನು ಮಾಡಲಿ ಅಕ್ಕ? ಬಿಡಲಾ?" ಎಂದು ಅಂಬುಜಾ ಕೇಳಿದಳು.

ಬಿಡು ಎನ್ನಲು ನನ್ನ ನಾಲಗೆ ತುದಿಯಲ್ಲಿತ್ತು. ಆದರೆ ಅವಳ ಮುಖ ನೋಡಿ ಸುಮ್ಮನಾದೆ. ಇನ್ನೊಮ್ಮೆ ಈ ಮನೆಯಲ್ಲಿ ಏನನ್ನೂ ಮುಟ್ಟದೆ ಕಾಯಲು ಅವಳಿಗೆ ಹೇಳುವವಳು ನಾನಾಗಬಾರದು. ಅವಳು ಸ್ವಲ್ಪ ಹೊತ್ತು ಆ ಗೆರೆಯ ಮೇಲೆ ಕೈಯಾಡಿಸಿದಳು. ಆಮೇಲೆ ಗಂಡನ ಕೈಯಿಂದ ಬ್ರಷ್ಷು ತೆಗೆದುಕೊಂಡು ತಾನೇ ಬಳಿದಳು. ಸಂಜೆಯ ಹೊತ್ತಿಗೆ ಗೋಡೆ ಪೂರ್ತಿ ಬೆಳ್ಳಗಾಗಿತ್ತು. ಅವಳು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು, ನಾನು ಪಕ್ಕದಲ್ಲಿ ಕೂತು ಹೋಳಿಗೆ ತಟ್ಟಿದೆ.

ಸುಣ್ಣ ಬಳಿದು ಒಂದು ವರ್ಷ ತುಂಬಿರಲಿಲ್ಲ. ಒಂದು ಸಂಜೆ ಅವಳ ಮನೆ ಹುಡುಕಿಕೊಂಡು ಹೊರಟಿದ್ದೆ. ಬೆಲ್ಲದ ಬೀದಿಯಲ್ಲಿ ಒಂದು ತೆರೆದ ಬಾಗಿಲೊಳಗೆ ಕಣ್ಣು ಹಾಯಿಸಿದೆ, ಹಾಗೇ ನಿಂತೆ. ದೀಪದ ಬೆಳಕಿನಲ್ಲಿ ಬಿಳಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಗೆರೆ ಮತ್ತೆ ಎದ್ದಿತ್ತು, ಇನ್ನೂ ಮಸುಕು, ಆದರೆ ಬಾಗಿಲಿನಿಂದ ಹಿತ್ತಲಿನ ತನಕ. ನೋಡುತ್ತಿದ್ದಂತೆ ಶ್ರೀಪತಿ ಒಳಗಿನಿಂದ ಬಂದ, ಬಲಗೈ ಗೋಡೆಗೆ ತಾಗಿಸಿಕೊಂಡು. ಅವನ ಹಿಂದೆ ಮಗಳು ಓಡಿ ಬಂದಳು, ಅವಳ ಬೆರಳೂ ಗೋಡೆಯ ಮೇಲೇ. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಹಾಗೆ ನಡೆಯುತ್ತಿದ್ದೇವೆಂದು ಅವರಿಗೆ ಗೊತ್ತೂ ಇರಲಿಲ್ಲ.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.